ಉದ್ಯಮಕ್ಕೆ ತಕ್ಕ ಸಮಸ್ಯೆಯನ್ನು ಹುಡುಕುವ ಬಗೆ

ಹೊಸ ಉದ್ಯಮ ಆರಂಭಿಸುವವರು ಮೊದಲು ಹುಡುಕಬೇಕಾದದ್ದು ಸರಕನ್ನಲ್ಲ, ಜನರು ಈಗಾಗಲೇ ಹಣವನ್ನೋ ಸಮಯವನ್ನೋ ಕಳೆದುಕೊಳ್ಳುತ್ತಿರುವ ಜಾಗವನ್ನು. ಹಾವೇರಿ ಜಿಲ್ಲೆಯವರಿಗೆ ಇದನ್ನು ಕಲಿಯಲು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗಿಂತ ಒಳ್ಳೆಯ ಪಾಠಶಾಲೆ ಇಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. 2011ರಲ್ಲಿ ಭೌಗೋಳಿಕ ಸೂಚಕ (ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಜಿಐ) ಮಾನ್ಯತೆ ಪಡೆದ ಈ ಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ. ಆದ್ದರಿಂದ ಸರಿಯಾಗಿ ಒಣಗದೆ ತೇವ ಉಳಿದು ಬಣ್ಣ ಮಾಸಿದರೆ ರೈತನಿಗೆ ಸಿಗುವ ದರವೇ ಕುಸಿಯುತ್ತದೆ.

ಸುಗ್ಗಿಯಲ್ಲಿ ಅಲ್ಲಿಗೆ ಹೋಗಿ ರೈತರು, ದಲಾಲರು, ಹಮಾಲರನ್ನು ಬೇರೆಬೇರೆಯಾಗಿ ಮಾತನಾಡಿಸಿ. "ಒಣಗಿಸುವ ಯಂತ್ರ ಬೇಕೇ?" ಎಂದು ಕೇಳಿದರೆ ಸೌಜನ್ಯಕ್ಕಾಗಿ ಎಲ್ಲರೂ ಹೂಂ ಎನ್ನುತ್ತಾರೆ. ಅದರ ಬದಲು, ಕಳೆದ ಸಲ ಕಣದಲ್ಲಿ ಹರವಿದ ಕಾಯಿಯ ಮೇಲೆ ಅಕಾಲಿಕ ಮಳೆ ಬಿದ್ದಾಗ ಏನು ಮಾಡಿದಿರಿ, ತಾಡಪತ್ರಿಗೂ ಆಳಿಗೂ ಎಷ್ಟು ಖರ್ಚಾಯಿತು, ಎಷ್ಟು ಕಾಯಿ ಬಿಳಿಚಿತು ಎಂದು ವಿಚಾರಿಸಿ. ಪರಿಹಾರಕ್ಕಾಗಿ ಅವರು ಏನನ್ನೂ ಖರ್ಚು ಮಾಡಿರದಿದ್ದರೆ ಆ ಸಮಸ್ಯೆಯನ್ನು ಬಿಟ್ಟುಬಿಡುವುದೇ ಲೇಸು.

ನಷ್ಟ ಯಾರದು, ಹಣ ಕೊಡುವವರು ಯಾರು ಎಂಬುದನ್ನೂ ಬೇರೆಯಾಗಿ ನೋಡಿ. ಒಣಗಿಸುವ ಯಂತ್ರವೇ ಪರಿಹಾರವೆನಿಸಿದರೆ, ಸುಗ್ಗಿ ಕೆಲವೇ ತಿಂಗಳದ್ದಾದ್ದರಿಂದ, ಉಳಿದ ಕಾಲದಲ್ಲಿ ಅದೇ ಯಂತ್ರಕ್ಕೆ ಬೇರೆ ಬೆಳೆಯ ಕೆಲಸ ಸಿಗುವುದೇ ಎಂದು ಲೆಕ್ಕ ಹಾಕಿ. ಯಂತ್ರ ಕೊಳ್ಳುವ ಮೊದಲು, ಬಾಡಿಗೆಯದೊಂದನ್ನು ತಂದು ನಾಲ್ಕಾರು ರೈತರಿಂದ ಮುಂಗಡ ಪಡೆದು ಒಣಗಿಸಿ ಕೊಡಿ.