ಬಿಲ್ಡರ್ ಮೇಲೆ ಸಿಟ್ಟು ಬಂದಿದ್ಯಾ? ಮಾನನಷ್ಟ ಕೇಸಿಗೆ ಸಿಕ್ಕಿಬೀಳದೆ ಪೋಸ್ಟ್ ಹಾಕೋದು ಹೇಗೆ

ಮಂಗಳೂರಲ್ಲಿ ಫ್ಲಾಟಿಗೆ ಅಡ್ವಾನ್ಸ್ ಕೊಟ್ಟು ಕೀ ಸಿಗದೆ ಕಾಯ್ತಾ ಕೂತವರು ಬೇಕಾದಷ್ಟು ಜನ ಇದ್ದಾರೆ, ಸಿಟ್ಟಲ್ಲಿ ವಾಟ್ಸಪ್ ಗ್ರೂಪಲ್ಲಿ "ಅವ ಕಳ್ಳ, ನಮ್ಮ ದುಡ್ಡು ನುಂಗಿದ" ಅಂತ ಹಾಕಿಬಿಡ್ತಾರೆ, ಆಮೇಲೆ ಮನೆಗೆ ವಕೀಲರ ನೋಟೀಸ್ ಬರ್ತದೆ. ದೂರು ಸರಿಯೇ ಇರ್ತದೆ ಮಾರಾಯ್ರೆ, ಬರೆದ ರೀತಿ ಎಡವಟ್ಟು.

ಅದನ್ನೇ ಹೀಗೆ ಬರೀರಿ: "2022ರ ಮಾರ್ಚಲ್ಲಿ 5 ಲಕ್ಷ ಕೊಟ್ಟಿದ್ದೇನೆ, ರಶೀದಿ ಉಂಟು. ಎಗ್ರಿಮೆಂಟ್ ಪ್ರಕಾರ 2024ರ ಡಿಸೆಂಬರಿಗೆ ಕೀ ಕೊಡ್ಬೇಕಿತ್ತು. ಇವತ್ತಿಗೂ ಕಿಟಕಿ ಕೂರಿಸಿಲ್ಲ, ಫೋಟೋ ನೋಡಿ. ಇಮೇಲಿಗೆ ಉತ್ತರ ಇಲ್ಲ." ಮೋಸ ಮಾಡ್ಲಿಕ್ಕೇ ಹೀಗೆ ಮಾಡಿದ ಅಂತ ಸಾಬೀತು ಮಾಡೋದು ಕಷ್ಟ, ಕಿಟಕಿ ಇಲ್ಲ ಅನ್ನೋದು ಫೋಟೋದಲ್ಲೇ ಕಾಣ್ತದೆ. ಇನ್ನೂ ಸೇಫ್ ಬೇಕಾದ್ರೆ ಮೊದ್ಲು ರೇರಾಕ್ಕೆ (ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಸರಕಾರಿ ಪ್ರಾಧಿಕಾರ) ದೂರು ಕೊಡಿ, ಅಧಿಕಾರ ಇರುವವರಿಗೆ ಸದುದ್ದೇಶದಿಂದ ಕೊಟ್ಟ ದೂರಿಗೆ ಕಾನೂನಲ್ಲೇ ವಿನಾಯಿತಿ ಉಂಟು.

ನಿಜ ಬರೆದ್ರೆ ಸಾಕಲ್ವಾ? ಸಿವಿಲ್ ಕೇಸಲ್ಲಿ ಸಾಕು. ಕ್ರಿಮಿನಲ್ ಕೇಸಲ್ಲಿ, ಅಂದ್ರೆ ಹಳೇ ಐಪಿಸಿ 499-500, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 356ನೇ ಸೆಕ್ಷನ್, ನಿಜವೂ ಆಗಿರ್ಬೇಕು ಅದನ್ನು ಹೇಳೋದ್ರಿಂದ ಸಾರ್ವಜನಿಕರಿಗೆ ಒಳ್ಳೇದೂ ಆಗ್ಬೇಕು, ಹಾಗಾಗಿ ಆತನ ಮನೆ ಜಗಳ ಎಲ್ಲ ಎಳೀಲಿಕ್ಕೆ ಹೋಗ್ಬೇಡಿ. ಎರಡು ವರ್ಷದವರೆಗೆ ಜೈಲು ಆಗ್ಬಹುದು. ನನ್ನ ಕೇಳಿದ್ರೆ ಮರ್ಯಾದೆ ಹೋದವನಿಗೆ ಸಿವಿಲ್ ಕೋರ್ಟಲ್ಲಿ ಪರಿಹಾರ ಸಿಗ್ಲಿ, ಜೈಲು ಎಂತಕ್ಕೆ? ಶ್ರೀಲಂಕಾದವ್ರು ಈ ಕ್ರಿಮಿನಲ್ ಮಾನನಷ್ಟವನ್ನು 2002ರಲ್ಲೇ ತೆಗೆದ್ರು. ನಮ್ಮಲ್ಲಿ 2016ರಲ್ಲಿ ಸುಬ್ರಮಣಿಯನ್ ಸ್ವಾಮಿ ಕೇಸಲ್ಲಿ ಸುಪ್ರೀಂ ಕೋರ್ಟ್ ಇರ್ಲಿ ಅಂತು, 2024ರಲ್ಲಿ ಕಾನೂನು ಆಯೋಗವೂ ಅದೇ ರಾಗ.

ಬೇರೆಯವ್ರು ಬೈದದ್ದನ್ನು ಶೇರ್ ಮಾಡುವ ಚಟ ಇದ್ರೆ ಬಿಡಿ. ರೀಟ್ವೀಟ್ ಮಾಡಿದ್ರೂ ಮಾನನಷ್ಟ ಆಗ್ಬಹುದು ಅಂತ ದೆಹಲಿ ಹೈಕೋರ್ಟ್ 2024ರಲ್ಲಿ ಹೇಳಿದೆ.

ನೋಟೀಸ್ ಬಂದ್ರೆ ಹೆದರಿ ಪೋಸ್ಟ್ ಡಿಲೀಟ್ ಮಾಡ್ಬೇಡಿ, ಮೊದ್ಲು ತಾರೀಕು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೀರಿ. ವಕೀಲರ ನೋಟೀಸ್ ಅಂದ್ರೆ ಕೋರ್ಟಿನ ಸಮನ್ಸ್ ಅಲ್ಲ. ಪೊಲೀಸ್ರು ವಾರಂಟ್ ಇಲ್ಲದೆ ಬಂದು ಎತ್ತಾಕ್ಕೊಂಡು ಹೋಗುವ ಕೇಸೂ ಅಲ್ಲ, ಬೇಲ್ ಸಿಗ್ತದೆ, ಈಗ ಕ್ರಿಮಿನಲ್ ಕೇಸ್ ನಡೆಸುವ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ 223ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟ್ ಕೇಸ್ ತಗೊಳ್ಳುವ ಮೊದ್ಲು ನಿಮ್ಮ ಮಾತನ್ನೂ ಕೇಳ್ಬೇಕು. ಬರೆದದ್ದು ತಪ್ಪಿದ್ರೆ ತಿದ್ದಿ ವಿಷಾದ ಹೇಳಿ, ಇದು ರಾಜಿ ಆಗುವಂಥ ಕೇಸು. ಸರಿ ಇದ್ರೆ ರಶೀದಿ, ಎಗ್ರಿಮೆಂಟ್, ಫೋಟೋ ಎಲ್ಲ ಹಿಡ್ಕೊಂಡು ಒಬ್ಬ ವಕೀಲರ ಹತ್ರ ಉತ್ತರ ಬರೆಸಿ. ಸಿವಿಲ್ ದಾವೆ ಹಾಕ್ಲಿಕ್ಕೆ ಬಿಲ್ಡರಿಗಿರೋದು ಒಂದೇ ವರ್ಷ, ಕ್ರಿಮಿನಲ್‌ಗೆ ಮೂರು, ಅಷ್ಟು ದಿನ ಆ ಫೈಲ್ ಬಿಸಾಡ್ಬೇಡಿ.