ರೂಟರ್ ಸಾಕಾ, ಫೈರ್‌ವಾಲ್ ಬೇಕಾ?

ಕಲಬುರಗಿ ಗಂಜ್‌ನಲ್ಲಿ ಒಂದು ದಾಲ್ ಮಿಲ್ ಆಫೀಸು ಅಂದುಕೊಳ್ಳಿ. ನಾಲ್ಕು ಕಂಪ್ಯೂಟರ್, ಟ್ಯಾಲಿ, ಸಿಸಿಟಿವಿಯ ಡಿವಿಆರ್, ಎಲ್ಲರ ಮೊಬೈಲು. ಇಷ್ಟಕ್ಕೂ ಇಂಟರ್‌ನೆಟ್ ಕಂಪನಿಯವರು ಕೊಟ್ಟ ಒಂದೇ ರೂಟರ್. ನೆಟ್‌ವರ್ಕ್‌ಗೆ ಬರುವ ಹೋಗುವ ಡೇಟಾಗೆ ಕಾವಲು ನಿಲ್ಲುವ ಬೇರೆ ಫೈರ್‌ವಾಲ್ ಕೊಳ್ಳಬೇಕಾ? ದುಡ್ಡು ಬಿಚ್ಚುವ ಮೊದಲು ಒಂದು ಸಂಜೆ ಆ ರೂಟರ್‌ಗೆ ಕೊಡಿ.

ರೂಟರ್‌ನೊಳಗೂ ಒಂದು ಸಣ್ಣ ಫೈರ್‌ವಾಲ್ ಇರುತ್ತದೆ. ನಾವು ಕೇಳದೇ ಹೊರಗಿನಿಂದ ಬರುವುದನ್ನು ತಡೆಯುತ್ತದೆ. ಒಳಗಿನಿಂದ ಹೊರಗೆ ಹೋಗುವುದನ್ನು ಮಾತ್ರ ಸಾಮಾನ್ಯವಾಗಿ ವಿಚಾರಿಸುವುದಿಲ್ಲ.

ಮೊದಲು ರೂಟರ್ ತಿರುಗಿಸಿ, ತಳದ ಸ್ಟಿಕ್ಕರ್ ನೋಡಿ. 192.168.1.1 ಥರದ ವಿಳಾಸ ಇರುತ್ತದೆ. ಅದನ್ನು ಬ್ರೌಸರ್‌ನಲ್ಲಿ ಹಾಕಿ ಒಳಗೆ ಹೋಗಿ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಇದು ವೈಫೈ ಪಾಸ್‌ವರ್ಡ್ ಅಲ್ಲ, ಬೇರೆಯೇ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ (ಹಾನಿ ಮಾಡುವ ಸಾಫ್ಟ್‌ವೇರ್) ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳಿಗೆ ನುಗ್ಗಿದ್ದು ಕಂಪನಿ ಕೊಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸದೇ ಬಿಟ್ಟಿದ್ದರಿಂದಲೇ. ಫರ್ಮ್‌ವೇರ್, ಅಂದರೆ ರೂಟರ್‌ನೊಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಿ. ಡಬ್ಲ್ಯುಪಿಎಸ್ (ಗುಂಡಿ ಒತ್ತಿ ಇಲ್ಲವೇ ಪಿನ್ ಹಾಕಿ ವೈಫೈ ಸೇರುವುದು), ಯುಪಿಎನ್‌ಪಿ (ಉಪಕರಣಗಳು ತಾವೇ ಹೊರಗಿನ ದಾರಿ ತೆರೆದುಕೊಳ್ಳುವುದು), ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ರೂಟರ್ ಸೆಟ್ಟಿಂಗ್ ಬದಲಿಸುವುದು) ಆಫ್ ಮಾಡಿ. ಬಂದು ಹೋಗುವವರಿಗೆ ಗೆಸ್ಟ್ ವೈಫೈ ಕೊಡಿ.

ಆಮೇಲೆ ಪೋರ್ಟ್ ಫಾರ್ವರ್ಡಿಂಗ್ ಪುಟ ತೆರೆಯಿರಿ. ಹೊರಗಿನಿಂದ ಒಳಗಿನ ಯಾವ ಉಪಕರಣಕ್ಕೆ ಯಾವ ಬಾಗಿಲು (ಪೋರ್ಟ್) ತೆರೆದಿದೆ ಎಂದು ಅಲ್ಲಿರುತ್ತದೆ. ಇಲ್ಲಿ ಅವಸರ ಬೇಡ, ಒಂದೊಂದೇ ಸಾಲು ಓದಿ. ಮನೆಯಿಂದ ಕ್ಯಾಮೆರಾ ನೋಡಲೆಂದು ಫಿಟ್ಟಿಂಗ್ ಹುಡುಗ ಎಂದೋ ತೆರೆದ ಪೋರ್ಟ್ ಇನ್ನೂ ಹಾಗೇ ಇರಬಹುದು. 3389 ಕಂಡರೆ ಆಗಲೇ ಮುಚ್ಚಿ. ಅದು ರಿಮೋಟ್ ಡೆಸ್ಕ್‌ಟಾಪ್, ಅಂದರೆ ದೂರದಿಂದಲೇ ಕಂಪ್ಯೂಟರ್ ನಡೆಸುವ ಪೋರ್ಟ್. ಲೆಕ್ಕ ಬರೆಯುವವರು ಮನೆಯಿಂದ ಟ್ಯಾಲಿ ನೋಡಲಿ ಅಂತ ತೆರೆದಿಟ್ಟರೆ, ಜಗತ್ತಿನ ಯಾವ ಮೂಲೆಯಿಂದಲಾದರೂ ಯಾರು ಬೇಕಾದರೂ ಪಾಸ್‌ವರ್ಡ್ ಊಹಿಸುತ್ತಾ ಕೂರಬಹುದು. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ್‍ಯಾನ್ಸಮ್‌ವೇರ್‌ನವರಿಗೆ ಇದು ಪ್ರಿಯವಾದ ದಾರಿ.

ಎಲ್ಲ ಮುಚ್ಚಿದ ಮೇಲೂ ಕೆಲಸ ನಿಲ್ಲದೆ ನಡೆಯುತ್ತದಾ? ಹಾಗಿದ್ದರೆ ಸಣ್ಣ ಆಫೀಸಿಗೆ ರೂಟರ್ ಸಾಕು. ಹೊರಗಿನಿಂದ ಆಫೀಸಿನ ಕಂಪ್ಯೂಟರ್‌ಗೆ ಬರಲೇಬೇಕು, ಅಥವಾ ನರ್ಸಿಂಗ್ ಹೋಮ್‌ನಂತೆ ರೋಗಿಗಳ ದಾಖಲೆ ಇದೆ ಅಂದರೆ ಫೈರ್‌ವಾಲ್ ತಗೊಳ್ಳಿ. ಹೊರಗಿನಿಂದ ಆಫೀಸಿಗೆ ಬರಲು ವಿಪಿಎನ್ ಎಂಬ ಸುರಕ್ಷಿತ ದಾರಿ ಸಿಗುತ್ತದೆ. ವಿಎಲ್ಎಎನ್ (ಒಂದೇ ನೆಟ್‌ವರ್ಕ್‌ನಲ್ಲಿ ಬೇರೆ ಬೇರೆ ಭಾಗ) ಮಾಡಿ ಕ್ಯಾಮೆರಾಗಳನ್ನು ಬಿಲ್ಲಿಂಗ್ ಕಂಪ್ಯೂಟರ್‌ನಿಂದ ಬೇರೆ ಇಡಬಹುದು. ರಾತ್ರಿ ಎರಡಕ್ಕೆ ಡಿವಿಆರ್ ಯಾವುದೋ ಗುರುತಿಲ್ಲದ ವಿಳಾಸಕ್ಕೆ ಡೇಟಾ ಕಳಿಸಿದರೆ ಲಾಗ್‌ನಲ್ಲಿ, ಅಂದರೆ ಅದು ಬರೆದಿಡುವ ದಾಖಲೆಯಲ್ಲಿ, ಕಾಣುತ್ತದೆ. ನನ್ನ ಪ್ರಕಾರ ಫೈರ್‌ವಾಲ್‌ನ ದೊಡ್ಡ ಲಾಭ ಇದೇ.

ಕೊಳ್ಳುವಾಗ ಡಬ್ಬಿ ಮೇಲಿನ ವೇಗ ನಂಬಬೇಡಿ. ಎಲ್ಲ ತಪಾಸಣೆ ಆನ್ ಮಾಡಿದಾಗ ಎಷ್ಟು ಬರುತ್ತದೆ ಎಂದು ಕೇಳಿ. ಪ್ರತಿ ವರ್ಷದ ಲೈಸೆನ್ಸ್ ಎಷ್ಟು ಎಂದೂ ಕೇಳಿ, ಎಷ್ಟೋ ಕಂಪನಿಗಳಲ್ಲಿ ಅದನ್ನು ಕಟ್ಟದಿದ್ದರೆ ಹೊಸ ದಾಳಿಗಳ ಗುರುತು ಅದಕ್ಕೆ ಸಿಗುವುದಿಲ್ಲ. ಖರ್ಚು ಜಾಸ್ತಿ ಅನಿಸಿದರೆ, ಎರಡು ನೆಟ್‌ವರ್ಕ್ ಪೋರ್ಟ್ ಇರುವ ಹಳೇ ಕಂಪ್ಯೂಟರ್‌ಗೆ ಓಪಿಎನ್‌ಸೆನ್ಸ್ ಎಂಬ ಉಚಿತ ಫೈರ್‌ವಾಲ್ ಸಾಫ್ಟ್‌ವೇರ್ ಹಾಕಬಹುದು. ಆದರೆ ಯಾವ ಫೈರ್‌ವಾಲ್ ಆದರೂ ಅದನ್ನು ತಿಂಗಳಿಗೊಮ್ಮೆಯಾದರೂ ನೋಡಿಕೊಳ್ಳುವವರು ಬೇಕು ಅಲ್ವಾ? ಅವರು ಸಿಗುವವರೆಗೆ ಕೊಳ್ಳಬೇಡಿ.

ಜೋಡಿಸುವಾಗ ಇಂಟರ್‌ನೆಟ್ ಕಂಪನಿಯ ರೂಟರನ್ನು ಬ್ರಿಡ್ಜ್ ಮೋಡ್‌ಗೆ (ಇಂಟರ್‌ನೆಟ್ಟನ್ನು ಫೈರ್‌ವಾಲ್‌ಗೆ ದಾಟಿಸುವ ಕೆಲಸಕ್ಕೆ ಮಾತ್ರ) ಹಾಕಿಸಿ, ವೈಫೈಗೆ ಬೇರೆ ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಡಬ್ಬಿ) ಇಡಿ. ನಮ್ಮ ಮೇ ತಿಂಗಳ ಬಿಸಿಲು ಗೊತ್ತಲ್ಲ, ಮುಚ್ಚಿದ ಕಪಾಟಿನಲ್ಲಿ ಇಡಬೇಡಿ. ಯುಪಿಎಸ್ ಇರಲಿ. ಟ್ಯಾಲಿ ಬ್ಯಾಕಪ್ ಮಾತ್ರ ಎಂದಿನಂತೆ ಬೇರೆ ಡಿಸ್ಕ್‌ನಲ್ಲಿ ತೆಗೆದಿಡಿ, ಪೆನ್‌ಡ್ರೈವ್‌ನಲ್ಲಿ ಬರುವ ವೈರಸ್ ಫೈರ್‌ವಾಲ್ ಇರುವ ದಾರಿಯಲ್ಲಿ ಬರುವುದೇ ಇಲ್ಲ, ಹಾಗಾಗಿ ಅದನ್ನು ಫೈರ್‌ವಾಲ್ ತಡೆಯಲಾರದು.