ಕೆಂಪು ನೀರು ಮತ್ತು ಒಂದು ಬುಟ್ಟಿ ಹೊಯ್ಗೆ

ನಾನು ಶಿರಸಿ ಕಡೆಯವಳು. ಮದುವೆಯಾಗಿ ಘಟ್ಟ ಇಳಿದು ಕಾರವಾರದ ಹತ್ತಿರ ಬಂದೆ. ಮೊದಲ ಮಳೆಗಾಲದಲ್ಲಿ ಬಾವಿಗೆ ಕೊಡ ಬಿಟ್ಟರೆ ಮೇಲೆ ಬಂದದ್ದು ಚಹಾದ ಬಣ್ಣದ ನೀರು. ಚಿರೆಕಲ್ಲಿನ ನೆಲ, ಬಾವಿಕಟ್ಟೆಯೂ ಗಿಡ್ಡ. ಜೋರು ಮಳೆ ಬಂದರೆ ಅಂಗಳದ ನೀರೆಲ್ಲ ಬಾವಿಗೇ. ಅತ್ತೆ ಹಳೇ ಪಂಚೆ ನಾಲ್ಕು ಮಡಿಕೆ ಮಾಡಿ ಸೋಸುತ್ತಿದ್ದರು. ಕಸ ನಿಲ್ಲುತ್ತಿತ್ತು, ಬಣ್ಣ ಹಾಗೇ.

ನಾನೇ ಫಿಲ್ಟರ್ ಮಾಡುತ್ತೇನೆ ಅಂತ ಹೊರಟೆ. ಹೊಸ ಬಕೆಟ್ಟಿನ ತಳಕ್ಕೆ ಕಾಯಿಸಿದ ಮೊಳೆಯಿಂದ ತೂತು ಮಾಡಿದೆ. ಒಳಗೆ ಬಟ್ಟೆ, ಅದರ ಮೇಲೆ ಸಣ್ಣ ಜಲ್ಲಿ, ತೆಂಗಿನ ಗೆರಟೆ ಇದ್ದಿಲಿನ ಚೂರು, ಮೇಲೆ ಒಂದು ಗೇಣು ಹೊಯ್ಗೆ, ಅಂದರೆ ಮರಳು. ಕೆಳಗೆ ಇನ್ನೊಂದು ಬಕೆಟ್. ನೀರು ಬಿತ್ತು. ಕಪ್ಪಗಿತ್ತು, ಬಾಯಿಗಿಟ್ಟರೆ ಉಪ್ಪು!

"ಹೊಯ್ಗೆ ಎಲ್ಲಿಂದ ತಂದೆ?" ಅತ್ತೆ ಕೇಳಿದರು.

"ಇಲ್ಲೇ, ಸಮುದ್ರದ ದಂಡೆಯಿಂದ."

ಅವರು ನಕ್ಕ ನಗು ಪಕ್ಕದ ಮನೆಗೂ ಕೇಳಿರಬೇಕು.

ಎರಡನೇ ಸಲ ಹಳ್ಳದ ದಪ್ಪ ಹೊಯ್ಗೆ ತಂದೆ. ತೊಳೆಯುವುದೇ ದೊಡ್ಡ ಕೆಲಸ, ಅದನ್ನು ಯಾರೂ ಹೇಳುವುದಿಲ್ಲ. ಕೈಯಾಡಿಸಿ ನೀರು ಚೆಲ್ಲಿ, ಮತ್ತೆ ಹಾಕಿ, ಎಂಟು ಸಲ ಆದ ಮೇಲೆ ತಿಳಿನೀರು ಬಂತು. ಇದ್ದಿಲನ್ನೂ ಹಾಗೇ ತೊಳೆದೆ. ಹೊಯ್ಗೆಯ ಮೇಲೆ ಒಂದು ಪದರ ಜಲ್ಲಿ ಹರಡಿದೆ, ಇಲ್ಲದಿದ್ದರೆ ಸುರಿದ ನೀರು ಗುಂಡಿ ತೋಡುತ್ತದೆ.

ಬಾವಿ ನೀರನ್ನು ನೇರ ಸುರಿಯುವುದಿಲ್ಲ. ಒಂದು ಕೊಡದಿಂದ ಇನ್ನೊಂದಕ್ಕೆ ಎತ್ತರದಿಂದ ನಾಲ್ಕೈದು ಸಲ ಹೊಯ್ದು ರಾತ್ರಿ ಬಿಡುತ್ತೇನೆ. ನೀರಿನಲ್ಲಿ ಕರಗಿದ ಕಬ್ಬಿಣ ಗಾಳಿ ತಾಗಿ ತುಕ್ಕಾಗಿ ತಳಕ್ಕೆ ಕೂರುತ್ತದೆ. ತೀರಾ ಕದಡಿದ್ದರೆ ಪಟಿಕದ ತುಂಡನ್ನು ನೀರಲ್ಲಿ ಒಂದೆರಡು ಸುತ್ತು ಆಡಿಸಿದರೆ ಸಾಕು, ಜಾಸ್ತಿ ಆದರೆ ಒಗರು. ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಫಿಲ್ಟರಿಗೆ ಹಾಕುತ್ತೇನೆ.

ಇಷ್ಟಾದರೂ ಅದು ಕುಡಿಯುವ ನೀರಲ್ಲ. ಹೊಟ್ಟೆ ಕೆಡಿಸುವ ಕ್ರಿಮಿ ಈ ಹೊಯ್ಗೆ ದಾಟಿ ಬರುತ್ತವೆ. ಕೊತಕೊತ ಕುದಿ ಬಂದ ಮೇಲೂ ಒಂದೆರಡು ನಿಮಿಷ ಒಲೆಯ ಮೇಲೇ ಇಡುತ್ತೇನೆ. ಆರಿದ ಮೇಲೆ ನಲ್ಲಿ ಇರುವ ಸ್ಟೀಲ್ ಡ್ರಮ್ಮಿಗೆ. ಮೊದಲು ಅಗಲ ಬಾಯಿಯ ತಪ್ಪಲೆಯಲ್ಲಿ ಇಡುತ್ತಿದ್ದೆವು. ಮಕ್ಕಳು ಲೋಟ ಅದ್ದಿ, ಬೆರಳೂ ಅದ್ದುತ್ತಿದ್ದರು. ಕುದಿಸಿದ್ದೆಲ್ಲ ದಂಡ, ಅಲ್ವಾ?

ಇದ್ದಿಲು ತಿಂಗಳಿಗೊಮ್ಮೆ ಹೊಸದು. ಹೊಯ್ಗೆ ತೊಳೆದು ಬಿಸಿಲಿಗೆ; ಜುಲೈನಲ್ಲಿ ಬಿಸಿಲು ಎಲ್ಲಿ, ಸುಮ್ನೆ ತೊಳೆದು ಹಾಕುತ್ತೇನೆ.

ಮೇ ತಿಂಗಳ ಉಪ್ಪಿಗೆ ಮಾತ್ರ ಇದರಲ್ಲಿ ಮದ್ದಿಲ್ಲ. ಕಾಳಿ ನದಿಯ ಮುಖ ಹತ್ತಿರ, ಬಾವಿ ತಳ ಕಂಡಂತೆ ನೀರು ಉಪ್ಪಾಗುತ್ತದೆ. ಹೊಯ್ಗೆ ಉಪ್ಪು ಹಿಡಿಯುವುದಿಲ್ಲ, ಕುದಿಸಿದರೆ ಇನ್ನೂ ಉಪ್ಪು. ಒಳಗಿನ ಊರಿನ ಬಾವಿಯಿಂದ ಕೊಡ ಹೊರುತ್ತೇವೆ. ಜೂನಿನಲ್ಲಿ ಒಂದೆರಡು ಮಳೆ ಹೋಗಲು ಬಿಟ್ಟು, ಅತ್ತೆ ಅಂಗಳದ ನಾಲ್ಕು ಗೂಟಕ್ಕೆ ಬಿಳಿ ಪಂಚೆ ಕಟ್ಟುತ್ತಾರೆ. ನಡುವೆ ತೊಳೆದ ಒಂದು ಕಲ್ಲು, ಕೆಳಗೆ ಕೊಡ. ಜೋರು ಮಳೆಯಾದರೆ ಅರ್ಧ ತಾಸಿಗೆ ಎರಡು ಕೊಡ ತುಂಬುತ್ತದೆ.